ಕರಿಬೇವಿನ ಗಿಡದ ಹುಳ: ನಮ್ಮ ಮನೆ ಗುಂಪಿನ ವಾದ

ಡಾಲಸ್ ಅಣ್ಣ: (ಹಂಚಿಕೊಂಡ ಲೇಖನ) "ಹೊರಗಿನ ಹುಳಗಳನ್ನು ಮನೆಗೆ ತಂದು ಸಾಕಬೇಡಿ. ಅದರಿಂದ ಚಿಟ್ಟೆಗಳಿಗೆ ಉಪಕಾರವಿಲ್ಲ."

ಡಾಲಸ್ ಅಣ್ಣ: ಅಕ್ಕ, ನಿನ್ನೆ ನೀನು ಹಾಕಿದ, ಪುಟ್ಟ ಹುಳ ಸಾಕುತ್ತಿರುವ ಡಬ್ಬಿಯ ಫೋಟೋ ನೋಡಿ ಇದನ್ನು ಕಳಿಸಿದ್ದೇನೆ. ದಯವಿಟ್ಟು ಓದು. ಇಲ್ಲಿ ಅಕ್ಟೋಬರ್‌ನಲ್ಲಿ ಮೊನಾರ್ಕ್ ಚಿಟ್ಟೆಗಳು ನಮ್ಮ ಊರಿನ ಮೇಲೆಯೇ ಮೆಕ್ಸಿಕೋಗೆ ಹೋಗುತ್ತವೆ. ಜನ ಪ್ರೀತಿಯಿಂದ ನೂರಾರು ಹುಳ ಸಾಕಿ ಬಿಡುತ್ತಾರೆ. ಅದರಿಂದ ರೋಗ ಹರಡುತ್ತದೆ ಅಂತ ತಿಳಿದವರೇ ಹೇಳುತ್ತಿದ್ದಾರೆ. ಹೊರಗಿನ ಜೀವ ಹೊರಗೇ ಇರಲಿ.

ಅಕ್ಕ: ನಾನೇನು ಕಾಡಿಗೆ ಹೋಗಿ ಹಿಡಿದು ತಂದೆನಾ? ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಇದ್ದವು. ಐದೋ ಆರೋ ಹುಳ. ಅಲ್ಲೇ ಬಿಟ್ಟರೆ ಪಿಕಳಾರ ಬಂದು ಎಲ್ಲವನ್ನೂ ತಿಂದು ಹೋಗುತ್ತದೆ. ಪುಟ್ಟ ಅವನ್ನು ಉಳಿಸುತ್ತಿದ್ದಾನೆ. ಅದಕ್ಕೂ ಒಂದು ತಕರಾರಾ?

ಅಮ್ಮ: ಕಂಬಳಿಹುಳ ಮುಟ್ಟಿದರೆ ಮೈಯೆಲ್ಲ ದದ್ದು ಏಳುತ್ತದೆ. ನುಗ್ಗೆ ಮರದ ಹುಳ ಗೊತ್ತಲ್ಲ? ಮಗುವಿನ ಕೈಗೆ ಕೊಡಬೇಡ.

ಗೌರಿಬಿದನೂರು ಅತ್ತೆ: ಹುಳ ಸಾಕುವ ಕಾಲವೂ ಬಂತು. ನಮ್ಮ ಹೊಲದಲ್ಲಿ ಕೆಂಪು ಕಂಬಳಿಹುಳ ಬಿದ್ದ ವರ್ಷ ಕಡಲೆಕಾಯಿ ಗಿಡದಲ್ಲಿ ಬರೀ ಕಡ್ಡಿ ಉಳಿದಿತ್ತು. ಮೊದಲ ಮಳೆ ಬಿದ್ದ ರಾತ್ರಿ ನೆಲದೊಳಗಿಂದ ಪತಂಗ ಏಳುತ್ತವೆ. ಬದುವಿನ ಮೇಲೆ ಬೆಂಕಿ ಹಾಕಿ ಸುಡುತ್ತಿದ್ದೆವು. ಆ ಜಾತಿಯ ಮೇಲೆ ಕನಿಕರ ಬೇಡ.

ಶಿಡ್ಲಘಟ್ಟ ಚಿಕ್ಕಪ್ಪ: ನನ್ನದು ಒಂದೇ ಮಾತು. ಆ ಡಬ್ಬಿ ನಮ್ಮ ಹುಳುಮನೆ ಕಡೆಗೆ ಬರಬಾರದು. ಹೊರಗಿನ ಹುಳದಿಂದ ರೇಷ್ಮೆ ಹುಳುವಿಗೆ ರೋಗ ತಗುಲಿದರೆ ಒಂದು ಬೆಳೆ ಪೂರ್ತಿ ಹೋಗುತ್ತದೆ.

ನಾನು: ಎಲ್ಲರೂ ಒಂದೊಂದು ಬೇರೆ ಹುಳದ ಬಗ್ಗೆ ಮಾತಾಡುತ್ತಿದ್ದೀರಿ. ಅಮ್ಮ, ಫೋಟೋ ದೊಡ್ಡದು ಮಾಡಿ ನೋಡು. ಚಿಕ್ಕ ಹುಳಗಳು ಹಕ್ಕಿಯ ಹಿಕ್ಕೆಯ ಹಾಗೆ ಕಂದು, ಬಿಳಿ ಬಣ್ಣ ಇವೆ. ದೊಡ್ಡದು ಹಸಿರು, ನುಣ್ಣಗಿದೆ. ಕೂದಲೇ ಇಲ್ಲ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಕವಲುಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ, ಅಷ್ಟೇ. ಇದು ನಿಂಬೆ ಚಿಟ್ಟೆಯ ಹುಳ ಇರಬೇಕು. ಕಾಮನ್ ಮಾರ್ಮನ್ ಚಿಟ್ಟೆಯೂ ಕರಿಬೇವಿನ ಮೇಲೆಯೇ ಮೊಟ್ಟೆ ಇಡುತ್ತದೆ. ಹುಳ ನೋಡಿ ಯಾವುದು ಅಂತ ಹೇಳುವುದು ಕಷ್ಟ. ರೆಕ್ಕೆ ಬಂದ ಮೇಲೆ ಸಂಶಯವೇ ಇರುವುದಿಲ್ಲ.

ಕೂದಲಿರುವ ಹುಳವನ್ನು ಪುಟ್ಟ ಮುಟ್ಟಬಾರದು ಅನ್ನುವುದು ಸರಿ. ತಗುಲಿದರೆ ಉಜ್ಜಬಾರದು. ಅಂಟು ಟೇಪ್ ಒತ್ತಿ ಕೂದಲು ಎತ್ತಿ, ಆಮೇಲೆ ಸೋಪು ಹಾಕಿ ತೊಳೆಯಬೇಕು.

ಅತ್ತೆ, ನಿಮ್ಮ ಹೊಲಕ್ಕೆ ಬಿದ್ದದ್ದು ಪತಂಗದ ಮರಿ. ಅದು ಬೆಳೆಯನ್ನೇ ತಿಂದು ಮುಗಿಸುತ್ತದೆ. ಅದಕ್ಕೆ ಬೆಂಕಿ ಹಾಕಿದ್ದರಲ್ಲಿ ತಪ್ಪೇನಿಲ್ಲ. ಇದು ಬೆಳೆದ ಕರಿಬೇವಿನ ಗಿಡದಲ್ಲಿ ನಾಲ್ಕು ಕಡ್ಡಿಯ ಎಲೆ ತಿನ್ನುತ್ತದೆ. ಎಳೆಯ ನಿಂಬೆ ಸಸಿಗೆ ಬಿದ್ದರೆ ನಷ್ಟ ಜಾಸ್ತಿ. ಆಗ ಹುಳ ಎತ್ತಿ ಹಾಕಲೇಬೇಕು.

ಡಾಲಸ್ ಅಣ್ಣ: ನನ್ನ ಲೇಖನಕ್ಕೆ ಉತ್ತರ ಬರಲಿಲ್ಲ.

ನಾನು: ಬರುತ್ತಿದ್ದೇನೆ. ಲೇಖನ ಸುಳ್ಳಲ್ಲ. ಆದರೆ ಅದು ಯಾವ ಚಿಟ್ಟೆಯ ಬಗ್ಗೆ, ಯಾರಿಗೆ ಬರೆದದ್ದು ಅಂತ ನೋಡು. ಮೊನಾರ್ಕ್ ಸಾವಿರಾರು ಕಿಲೋಮೀಟರ್ ಹಾರಿ ಮೆಕ್ಸಿಕೋದ ಬೆಟ್ಟ ಸೇರಬೇಕು. 2019ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದಾಗ ಒಳಗೆ ಸಾಕಿದ ಚಿಟ್ಟೆಗಳು ದಕ್ಷಿಣ ದಿಕ್ಕು ಹಿಡಿಯಲಿಲ್ಲ. ಅದು ದೊಡ್ಡ ಸುದ್ದಿಯಾಯಿತು. 2021ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಒಳಗೆ ಸಾಕಿದವಕ್ಕೆ ಪುಟಾಣಿ ರೇಡಿಯೋ ಟ್ಯಾಗ್ ಅಂಟಿಸಿ ಹೊರಗೆ ಬಿಟ್ಟರು. ಹೆಚ್ಚಿನವು ದಕ್ಷಿಣಕ್ಕೇ ಹಾರಿದವು. ಈ ಎರಡನೆಯ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಹೇಗೂ ಮೆಕ್ಸಿಕೋ ಯಾತ್ರೆಯಂಥದ್ದು ನಮ್ಮ ನಿಂಬೆ ಚಿಟ್ಟೆಗೆ ಇಲ್ಲ.

ರೋಗದ ಮಾತು ಮಾತ್ರ ನಮಗೂ ಅನ್ವಯಿಸುತ್ತದೆ. ಮೊನಾರ್ಕ್‌ಗೆ ಓಇ ಅನ್ನುವ ಏಕಕೋಶದ ಪರಾವಲಂಬಿ ಇದೆ. ಇಕ್ಕಟ್ಟಿನ ಡಬ್ಬಿಯಲ್ಲಿ ಅದು ಒಂದರಿಂದ ಇನ್ನೊಂದಕ್ಕೆ ಬೇಗ ದಾಟುತ್ತದೆ. ಜಾಸ್ತಿ ತಗುಲಿದ ಚಿಟ್ಟೆಗೆ ರೆಕ್ಕೆ ಸರಿಯಾಗಿ ಬಿಚ್ಚುವುದೇ ಇಲ್ಲ. ಇಕ್ಕಟ್ಟಿನಿಂದ ಏನಾಗುತ್ತದೆ ಅಂತ ಚಿಕ್ಕಪ್ಪನನ್ನು ಕೇಳಿ. ಅಮೆರಿಕದ ಲೇಖನಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಶಿಡ್ಲಘಟ್ಟ ಚಿಕ್ಕಪ್ಪ: ಕೇಳುವುದೇನು ಬಂತು. ತಟ್ಟೆಯಲ್ಲಿ ಹುಳು ಜಾಸ್ತಿಯಾಗಿ ತೇವ ನಿಂತರೆ ಸುಣ್ಣಕಟ್ಟು ರೋಗ ಬರುತ್ತದೆ. ಹಾಲುತೊಂಡೆ, ಸಪ್ಪೆ ರೋಗ ಎಲ್ಲವೂ ಹಿಂದೆಯೇ ಬರುತ್ತವೆ. ಅದಕ್ಕೇ ಒಂದು ಬೆಳೆ ಮುಗಿದ ಮೇಲೆ ಮನೆ ತೊಳೆದು ಬ್ಲೀಚಿಂಗ್ ಪುಡಿ ಹೊಡೆಯುತ್ತೇವೆ. ಹುಳು ಮುಟ್ಟುವ ಮುಂಚೆ ಕೈ ತೊಳೆಯುತ್ತೇವೆ. ಗಂಟುರೋಗವಂತೂ ಮೊಟ್ಟೆಯಲ್ಲೇ ಬರುತ್ತದೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ರೇಷ್ಮೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಮೊಟ್ಟೆ ಕೊಡುವುದು.

ನಾನು: ಆ ಪರೀಕ್ಷೆಯ ದಾರಿ ತೋರಿಸಿದ್ದು ಲೂಯಿ ಪಾಶ್ಚರ್, 1860ರ ದಶಕದಲ್ಲಿ. ಫ್ರಾನ್ಸ್‌ನ ರೇಷ್ಮೆ ಬೆಳೆ ನಾಶವಾಗುತ್ತಿದ್ದ ಕಾಲ ಅದು.

ಅಕ್ಕ: ಸರಿ, ಒಂದು ವಿಷಯ ಹೇಳಿರಲಿಲ್ಲ. ಮೊನ್ನೆ ಮಳೆ ಅಂತ ಗಿಡದ ಹತ್ತಿರ ಹೋಗದೆ, ಅಡುಗೆಗೆ ತಂದಿದ್ದ ಸಂತೆಯ ಕರಿಬೇವು ಹಾಕಿದೆ. ಬೆಳಿಗ್ಗೆ ಎರಡು ಹುಳ ಸತ್ತಿದ್ದವು. ಬಾಯಿಂದ ಹಸಿರು ನೀರು ಬಂದಿತ್ತು. ಪುಟ್ಟ ತುಂಬಾ ಅತ್ತ. ಇದೂ ರೋಗವಾ?

ಶಿಡ್ಲಘಟ್ಟ ಚಿಕ್ಕಪ್ಪ: ರೋಗ ಅಲ್ಲಮ್ಮ, ಔಷಧಿ. ಆ ಸೊಪ್ಪಿಗೆ ಹೊಡೆದಿರುತ್ತಾರೆ. ಪಕ್ಕದ ಟೊಮೆಟೊ ತೋಟದಲ್ಲಿ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ಹಿಪ್ಪುನೇರಳೆ ಮೇಲೆ ಕೂತರೂ ಸಾಕು, ಹುಳು ಒದ್ದಾಡಿ ಸಾಯುತ್ತವೆ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿಯೇ ಸೊಪ್ಪು ಕೊಯ್ಯುತ್ತೇವೆ.

ಅಮ್ಮ: ಅಯ್ಯೋ, ಅದೇ ಸೊಪ್ಪನ್ನು ನಾವು ಒಗ್ಗರಣೆಗೆ ಹಾಕುತ್ತೇವಲ್ಲ!

ನಾನು: ಹೌದಮ್ಮ, ಅದನ್ನು ಪ್ರತ್ಯೇಕವಾಗಿ ಮಾತಾಡೋಣ. ಅಕ್ಕ, ಎಲೆ ಅದೇ ಗಿಡದ್ದೇ ಆಗಬೇಕು. ಮಳೆಯಾದರೆ ಕೊಯ್ದು ತಂದು ನೀರು ಒರೆಸಿ ಕೊಡು. ದಿನವೂ ಹಿಕ್ಕೆ ತೆಗೆದು, ಡಬ್ಬಿಯ ತಳದ ಕಾಗದ ಬದಲಾಯಿಸು. ಡಬ್ಬಿಗಿಂತ ಬಲೆಯ ಪಂಜರ ಒಳ್ಳೆಯದು, ಗಾಳಿ ಆಡುತ್ತದೆ. ಹುಳ ಅಲ್ಲಾಡದೆ ಕೂತರೆ ಕೆದಕಬಾರದು. ಚಿಕ್ಕಪ್ಪನ ಹುಳು ಜ್ವರಕ್ಕೆ ಕೂರುತ್ತದಲ್ಲ, ಅದೇ ಇದು. ಹಳೆಯ ಚರ್ಮ ಬಿಡುವ ಹೊತ್ತಿಗೆ ಎಲ್ಲ ಹುಳವೂ ತಿನ್ನುವುದು ನಿಲ್ಲಿಸುತ್ತದೆ.

ಅಕ್ಕ: ಇನ್ನೊಂದು ಹುಳದ ಮೈಮೇಲೆ ಅಕ್ಕಿಕಾಳಿನಷ್ಟು ಬಿಳಿ ಗೂಡುಗಳು ಬಂದಿವೆ. ಹುಳ ಬದುಕಿದೆ, ಆದರೆ ತಿನ್ನುತ್ತಿಲ್ಲ. ನೋಡಿದರೆ ಹೇಸಿಗೆ ಆಗುತ್ತದೆ. ಅವನ್ನು ಕಿತ್ತು ಸುಡಲಾ?

ನಾನು: ಬೇಡ. ಅದು ಸಣ್ಣ ಕಣಜದ ಗೂಡು. ತಾಯಿ ಕಣಜ ಹುಳದ ಮೈಯೊಳಗೆ ಮೊಟ್ಟೆ ಇಟ್ಟಿರುತ್ತದೆ. ಮರಿಗಳು ಒಳಗೇ ತಿಂದು ಬೆಳೆದು, ಹೊರಗೆ ಬಂದು ಗೂಡು ಕಟ್ಟುತ್ತವೆ. ನೀನು ಡಬ್ಬಿಗೆ ತರುವ ಮುಂಚೆಯೇ ಆ ಹುಳ ಅವುಗಳ ಪಾಲಾಗಿತ್ತು. ಗೂಡು ಕಿತ್ತರೂ ಅದು ಬದುಕುವುದಿಲ್ಲ.

ಗೌರಿಬಿದನೂರು ಅತ್ತೆ: ಅಂದರೆ ಅದು ಒಳ್ಳೆಯ ನೊಣವಾ?

ಶಿಡ್ಲಘಟ್ಟ ಚಿಕ್ಕಪ್ಪ: ಅತ್ತಿಗೆ, ನೊಣ ಅಂದರೆ ನಮಗೆ ಊಜಿ ನೊಣ. 1980ರಲ್ಲಿ ಬಂಗಾಳದ ಕಡೆಯಿಂದ ನಮ್ಮ ರಾಜ್ಯಕ್ಕೆ ಬಂದದ್ದು ಇನ್ನೂ ಹೋಗಿಲ್ಲ. ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಅಲ್ಲೊಂದು ಕಪ್ಪು ಮಚ್ಚೆ ಆಗುತ್ತದೆ, ಆ ಹುಳು ಕೈಬಿಟ್ಟ ಹಾಗೆಯೇ. ಆದರೆ ಆ ಊಜಿಯ ಕೋಶವನ್ನು ತಿನ್ನುವ ಸಣ್ಣ ಕಣಜವೂ ಇದೆ. ಅದನ್ನು ಚೀಲದಲ್ಲಿ ತಂದು ಹುಳುಮನೆಯಲ್ಲಿ ನಾವೇ ಬಿಡುತ್ತೇವೆ. ಕಣಜ ಸುಡುವುದು ಬೇಡ.

ನಾನು: ಅತ್ತೆ, ಕೋಲಾರದ ಕಡೆ ಟೊಮೆಟೊ ಕಾಯಿಕೊರಕಕ್ಕೆ ಟ್ರೈಕೋಕಾರ್ಡ್ ಅನ್ನುವ ಚೀಟಿ ಕಟ್ಟುತ್ತಾರಲ್ಲ, ಅದರಲ್ಲಿರುವುದೂ ಕಣಜವೇ. ಅದು ಇನ್ನೂ ಚಿಕ್ಕದು, ಕೀಟದ ಮೊಟ್ಟೆಯೊಳಗೇ ಬೆಳೆಯುತ್ತದೆ.

ಅಕ್ಕ, ಈಗ ನಿನ್ನ ಮಾತಿಗೆ ಬರುತ್ತೇನೆ. ಉಳಿಸುತ್ತಿದ್ದೇವೆ ಅಂದೆ. ಅದನ್ನು ನಾನು ಒಪ್ಪುವುದಿಲ್ಲ. ಒಂದು ಚಿಟ್ಟೆ ಅಷ್ಟೊಂದು ಮೊಟ್ಟೆ ಇಡುವುದೇ ಹೆಚ್ಚಿನವು ಸಾಯುತ್ತವೆ ಅಂತ. ಕಣಜಕ್ಕೆ, ಇರುವೆಗೆ, ಹಕ್ಕಿಗೆ ಅದೇ ಊಟ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಹುಳವನ್ನೇ ತಂದು ಉಣಿಸುತ್ತದೆ. ಆರು ಹುಳ ಡಬ್ಬಿಯಲ್ಲಿ ಬೆಳೆಸಿದರೆ ಚಿಕ್ಕಬಳ್ಳಾಪುರದಲ್ಲಿ ಚಿಟ್ಟೆ ಜಾಸ್ತಿ ಆಗುವುದಿಲ್ಲ. ಜಾಸ್ತಿ ಆಗಬೇಕಾದರೆ ಗಿಡ ಬೇಕು. ಕರಿಬೇವು ಇದ್ದರೆ ಇವು ಬರುತ್ತವೆ. ಬೇಲಿಯಲ್ಲಿ ಎಕ್ಕ ಬಿಟ್ಟರೆ ಮೊನಾರ್ಕ್‌ನ ಹತ್ತಿರದ ಸಂಬಂಧಿ ಪ್ಲೇನ್ ಟೈಗರ್ ಬರುತ್ತದೆ. ಕಕ್ಕೆ ಮರ, ತಂಗಡಿ ಇದ್ದರೆ ವಲಸೆ ಹೋಗುವ ತಿಳಿಹಳದಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಈಶ್ವರಿ ಬಳ್ಳಿ ಇದ್ದರೆ ಕಪ್ಪು, ಕೆಂಪಿನ ಕ್ರಿಮ್ಸನ್ ರೋಸ್ ಚಿಟ್ಟೆ. ನಮ್ಮ ಬಡಾವಣೆಯಲ್ಲಿ ಖಾಲಿ ಸೈಟು ಅಂತ ಎಕ್ಕ, ತಂಗಡಿ ಎಲ್ಲವನ್ನೂ ಜೆಸಿಬಿ ತಂದು ಕೆರೆಯುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ, ಪಿಕಳಾರದ ಮೇಲೆ ಅಲ್ಲ.

ಡಾಲಸ್ ಅಣ್ಣ: ಹಾಗಾದರೆ ನಾನು ಹೇಳಿದ್ದೇ ಸರಿ ಆಯಿತು. ಉಪಯೋಗ ಇಲ್ಲ ಅಂದ ಮೇಲೆ ಸಾಕುವುದು ಯಾಕೆ?

ನಾನು: ನೋಡುವುದಕ್ಕೆ. ನಮ್ಮ ದೇಶದ ಚಿಟ್ಟೆಗಳ ಹುಳ ಯಾವ ಎಲೆ ತಿನ್ನುತ್ತದೆ ಅಂತ ಇಷ್ಟು ತಿಳಿದಿರುವುದು ಹೇಗೆ ಗೊತ್ತಾ? ಕಾರವಾರದಲ್ಲಿ ಟಿ.ಆರ್. ಬೆಲ್ ಅನ್ನುವ ಅರಣ್ಯಾಧಿಕಾರಿ ಇದ್ದರು. ಅವರು ಮತ್ತು ಅವರ ಜೊತೆಗಾರರು ಹುಳ ಹುಡುಕಿ ತಂದು, ಎಲೆ ಹಾಕಿ ಬೆಳೆಸಿ, ಕಂಡದ್ದನ್ನು ಬರೆದಿಟ್ಟರು. ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1896ರಲ್ಲೇ ಪ್ರಕಟಿಸಿದರು. ಅವರು ಸಾಕಿ ನೋಡಿ ಬರೆದದ್ದನ್ನು ಇವತ್ತಿಗೂ ಬಳಸುತ್ತಾರೆ.

ಪುಟ್ಟ ಈ ಒಂದು ತಿಂಗಳಲ್ಲಿ ನೋಡಿದ್ದನ್ನು ಪಾಠದ ಚಿತ್ರದಲ್ಲಿ ನೋಡಲು ಆಗುತ್ತಿತ್ತಾ? ಕಣಜದ ಗೂಡು ಯಾವ ಚಿತ್ರದಲ್ಲಿ ಇರುತ್ತದೆ? ನಮ್ಮ ಮಕ್ಕಳು ಹುಳ ಅಂದ ಕೂಡಲೇ ಚಪ್ಪಲಿ ಎತ್ತುತ್ತಾರೆ. ಇವನು ಎಲೆ ಹುಡುಕಿಕೊಂಡು ಹೋಗುತ್ತಾನೆ. ನನಗೆ ಅಷ್ಟು ಸಾಕು. ಅದಕ್ಕೆ ಆರು ಹುಳ ಸಾಲದಾ, ನೂರು ಬೇಕಾ? ಬೇಡ. ನೂರಕ್ಕೆ ಹೋದರೆ ನಾನೂ ನಿನ್ನ ಪಕ್ಷ, ಅಣ್ಣ.

ಡಾಲಸ್ ಅಣ್ಣ: ಮಕ್ಕಳಿಗೆ ಗಿಡದ ಮೇಲೆಯೇ ತೋರಿಸಬಹುದು. ಹಿಡಿದು ತರಬೇಕು ಅಂತ ಏನಿದೆ? ನಾಳೆ ನಂದಿಬೆಟ್ಟಕ್ಕೆ ಹೋದಾಗಲೂ ತರುತ್ತಾನೆ.

ನಾನು: ಅಲ್ಲಿಂದ ತರಬಾರದು. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಎಷ್ಟೋ ಚಿಟ್ಟೆಗಳಿವೆ. ಬೆಟ್ಟದಲ್ಲಿ ಕಂಡದ್ದು ಬೆಟ್ಟದಲ್ಲೇ ಇರಬೇಕು. ಮನೆಯ ಗಿಡದ್ದು ಮಾತ್ರ, ಅದೂ ಗಿಡದ ಬುಡದಲ್ಲೇ ಬಿಡುವ ಷರತ್ತಿನ ಮೇಲೆ. ಗಿಡದ ಮೇಲೆ ನೋಡುವುದು ಇನ್ನೂ ಒಳ್ಳೆಯದು, ಒಪ್ಪುತ್ತೇನೆ. ಆದರೆ ಹುಳ ಕೋಶ ಕಟ್ಟುವ ಮುಂಚೆ ಗಿಡ ಬಿಟ್ಟು ಎಲ್ಲಿಗೋ ಹೊರಟು ಹೋಗುತ್ತದೆ. ಆಮೇಲಿನದು ಮಗುವಿಗೆ ಕಾಣುವುದೇ ಇಲ್ಲ.

ಡಾಲಸ್ ಅಣ್ಣ: ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಆರು ಅಂದದ್ದು ಆರೇ ಇರಲಿ.

ಅಕ್ಕ: ಈಗ ಇರುವುದೇ ಮೂರು. ಒಂದು ಕೋಶ ಕಪ್ಪಾಗಿದೆ. ಒಳಗೆ ಹಳದಿ ಮಚ್ಚೆ ಕಾಣುತ್ತಿದೆ. ಕೊಳೆತು ಹೋಯಿತಾ?

ನಾನು: ಇಲ್ಲ, ಅದು ರೆಕ್ಕೆಯ ಬಣ್ಣ. ನಾಳೆ ಬೆಳಿಗ್ಗೆ ಹೊರಗೆ ಬರಬಹುದು. ನಿಂಬೆ ಚಿಟ್ಟೆಯೇ ಅನಿಸುತ್ತದೆ. ಪುಟ್ಟನಿಗೆ ಮೊದಲೇ ಹೇಳು, ಸಿಪ್ಪೆ ಬಿಡಿಸಲು ಕೈ ಹಾಕಬಾರದು. ಹೊರಗೆ ಬಂದಾಗ ರೆಕ್ಕೆ ಮುದುಡಿ ಒದ್ದೆಯಾಗಿರುತ್ತದೆ. ತಲೆಕೆಳಗಾಗಿ ನೇತಾಡಿ, ಮೈಯ ದ್ರವವನ್ನು ರೆಕ್ಕೆಗೆ ತಳ್ಳಿ ಬಿಚ್ಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕೆಳಗೆ ಬಿದ್ದರೆ ರೆಕ್ಕೆ ಸೊಟ್ಟಗೆ ಒಣಗಿ, ಮತ್ತೆ ಹಾರುವುದಿಲ್ಲ. ಹತ್ತಿರದಲ್ಲಿ ಒಂದು ಒರಟು ಕಡ್ಡಿ ಇಟ್ಟಿರು, ಹಿಡಿದುಕೊಳ್ಳಲಿ. ಒಂದಿಷ್ಟು ಬಣ್ಣದ ನೀರು ತೊಟ್ಟಿಕ್ಕುತ್ತದೆ, ರಕ್ತ ಅಂತ ಹೆದರಬೇಡ. ಬಿಸಿಲು ಬಂದ ಮೇಲೆ ಪಂಜರವನ್ನು ಗಿಡದ ಹತ್ತಿರ ಇಟ್ಟು ಬಾಗಿಲು ತೆಗೆ. ಕಣಜದ ಗೂಡಿರುವ ಹುಳವನ್ನೂ ಅದೇ ಗಿಡದ ಕೊಂಬೆಗೆ ಬಿಟ್ಟುಬಿಡು.

ಶಿಡ್ಲಘಟ್ಟ ಚಿಕ್ಕಪ್ಪ: ಅಮ್ಮಾಡಿ, ಭಾನುವಾರ ಪುಟ್ಟನನ್ನು ಕರೆದುಕೊಂಡು ಬಾ. ನಮ್ಮ ಹುಳು ಹಣ್ಣಾಗುತ್ತಿವೆ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಹಾಕುವ ಕೆಲಸ ಇದೆ. ಅವನ ಕೈಗೂ ಕೊಡುತ್ತೇನೆ. ಸ್ನಾನ ಮಾಡಿಸಿ, ಒಗೆದ ಬಟ್ಟೆ ಹಾಕಿಸಿ ಕರೆತಾ. ಆ ಪಂಜರ ಮಾತ್ರ ಚಿಕ್ಕಬಳ್ಳಾಪುರದಲ್ಲೇ ಇರಲಿ.