ಜರ್ಮನಿಯ ರಫ್ತು ಇಷ್ಟಿದೆ, ಸಾಲ ಕಮ್ಮಿ ಇದೆ, ಮತ್ಯಾಕೆ ಈ ಪರದಾಟ?

ಲೆಕ್ಕದಪುಸ್ತಕ:
ಎಂ.ಕಾಂ. ಓದುತ್ತಿದ್ದೇನೆ. ಜರ್ಮನಿ 2024ರಲ್ಲಿ ರಫ್ತು ಮಾಡಿದ ಸರಕಿನ ಬೆಲೆ ಒಂದೂವರೆ ಲಕ್ಷ ಕೋಟಿ ಯೂರೊಗೂ ಜಾಸ್ತಿ. ಸರ್ಕಾರದ ಸಾಲ ಫ್ರಾನ್ಸ್, ಇಟಲಿಗಿಂತ ಎಷ್ಟೋ ಕಮ್ಮಿ. ಆದರೂ 2023, 2024 ಎರಡೂ ವರ್ಷ ಅಲ್ಲಿನ ಆರ್ಥಿಕತೆ ಕುಗ್ಗಿತು. ಪಠ್ಯಪುಸ್ತಕ ಹೊಗಳುವ ದೇಶಕ್ಕೆ ಹೀಗ್ಯಾಕೆ? ಅಲ್ಲೇ ಇರುವವರು ಯಾರಾದರೂ ಬಿಡಿಸಿ ಹೇಳ್ತೀರಾ?

ಸಂಜೆಗಾಳಿ:
ಒಂದೇ ಮಾತು: ರಷ್ಯಾದ ಗ್ಯಾಸ್. ಯುದ್ಧಕ್ಕೆ ಮುಂಚೆ ಅವರು ತರಿಸುತ್ತಿದ್ದ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬರುತ್ತಿತ್ತು. 2022ರಲ್ಲಿ ಅದು ನಿಂತಿತು. ಮೇಲಿಂದ 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರು ಅಣು ಸ್ಥಾವರಗಳನ್ನೂ ಮುಚ್ಚಿದರು. ಕತೆ ಮುಗೀತು.

ಕ್ಲಿಪ್ಪಣ್ಣ:
ಸಂಜೆಗಾಳಿ ಹೇಳಿದ್ದು ಸುಳ್ಳಲ್ಲ, ಆದರೆ ಕತೆ ಅಲ್ಲಿಗೆ ಮುಗಿಯಲ್ಲ.

ನಾನು ಲ್ಯೂಡನ್‌ಶೈಡ್ ಹತ್ತಿರ ಒಂದು ಸಣ್ಣ ಕಾರ್ಖಾನೆಯ ಡಿಸ್ಪ್ಯಾಚ್‌ನಲ್ಲಿದ್ದೇನೆ. ಹೆಸರು ಬೇಡ. ಎಂಬತ್ತು ಜನ. ಸ್ಪ್ರಿಂಗ್ ಸ್ಟೀಲ್ ಕ್ಲಿಪ್ ಮಾಡುತ್ತೇವೆ. ಕಾರಿನೊಳಗೆ ಪೈಪುಗಳನ್ನು ಹಿಡಿದುಕೊಂಡಿರುತ್ತಲ್ಲ, ಅದೇ. ಕಾರು ಕೊಂಡವರು ಅದನ್ನು ಜನ್ಮದಲ್ಲಿ ನೋಡಿರುವುದಿಲ್ಲ.

ಮೊದಲು ಗ್ಯಾಸಿನ ವಿಷಯ. ಕ್ಲಿಪ್ಪಿಗೆ ಸ್ಪ್ರಿಂಗ್ ಗುಣ ಬರಬೇಕಾದರೆ ಫರ್ನೇಸಿನಲ್ಲಿ ಕಾಯಿಸಲೇಬೇಕು. ನಮ್ಮ ಫರ್ನೇಸ್ ಹಿಂದೆ ಭಾನುವಾರವೂ ಆರುತ್ತಿರಲಿಲ್ಲ, ಯಾಕೆಂದರೆ ಮತ್ತೆ ಕಾಯಲು ಒಂದು ಶಿಫ್ಟ್ ಹಿಡಿಯುತ್ತದೆ. 2022ರ ಚಳಿಗಾಲದಲ್ಲಿ ವಾರದ ಮಾಲನ್ನೆಲ್ಲ ಸೇರಿಸಿ ನಾಲ್ಕೇ ದಿನ ಉರಿಸಿದೆವು. ಮಾಲೀಕರು ಬೆಳಗ್ಗೆ ಬಂದವರೇ ಮೀಟರಿನ ಫೋಟೊ ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಮುಂಚೆ ಅವರನ್ನು ಆ ಮೂಲೆಯಲ್ಲಿ ನಾನು ಕಂಡೇ ಇರಲಿಲ್ಲ.

ಆದರೆ ನನ್ನ ತಲೆನೋವು ಶುರುವಾಗಿದ್ದು ಯುದ್ಧಕ್ಕೂ ಮುಂಚೆ. 2021ರ ಡಿಸೆಂಬರ್‌ನಲ್ಲಿ ನಮ್ಮೂರ ಪಕ್ಕದ ರಾಮೆಡೆ ಸೇತುವೆ ಮುಚ್ಚಿದರು. ಎ45 ಹೆದ್ದಾರಿಯ ಸೇತುವೆ, 1960ರ ದಶಕದ್ದು. ಆಮೇಲೆ ಲಾರಿಗಳೆಲ್ಲ ಊರೊಳಗೆ ಬಂದವು. ಸಾಲಾಗಿ ನಿಂತ ಲಾರಿಗಳಿಂದ ಮನೆಗಳ ಕಿಟಕಿ ತೆಗೆಯುವಂತಿರಲಿಲ್ಲ. ಗಿರಾಕಿಗೆ ಮಾಲು ಹೇಳಿದ ಗಂಟೆಗೇ ತಲುಪಬೇಕು, ಇಲ್ಲದಿದ್ದರೆ ದಂಡ. ಹಾಗಾಗಿ ನಾವು ಎರಡು ಗಂಟೆ ಮುಂಚೆ ಲೋಡ್ ಮಾಡಲು ಶುರುಮಾಡಿದೆವು. 2023ರ ಮೇ 7ಕ್ಕೆ ಆ ಸೇತುವೆಗೆ ಮದ್ದಿಟ್ಟು ಉರುಳಿಸಿದರು. ಊರಿಗೆ ಊರೇ ನೋಡಲು ಹೋಗಿತ್ತು, ನಾನೂ ಹೋಗಿದ್ದೆ. ಸಾಲ ಕಮ್ಮಿ ಇರುವ ದೇಶ ಅಂದಿರಲ್ಲ, ಸೇತುವೆಗೆ ಹಾಕಬೇಕಾದ ದುಡ್ಡನ್ನು ವರ್ಷಗಟ್ಟಲೆ ಹಾಕದಿದ್ದರೆ ಸಾಲ ಕಮ್ಮಿಯೇ ಕಾಣುತ್ತದೆ.

ಇನ್ನು ಕೊಳ್ಳುವವರು. ಚೀನಾದಲ್ಲಿ ಜರ್ಮನ್ ಕಾರು ಓಡಿದಷ್ಟು ದಿನ ನಮಗೂ ಕೆಲಸ ಇತ್ತು. ಈಗ ಅವರೇ ಎಲೆಕ್ಟ್ರಿಕ್ ಕಾರು ಮಾಡಿ ಹೊರಗೂ ಮಾರುತ್ತಿದ್ದಾರೆ. ನಮ್ಮಲ್ಲಿ ಜಾಸ್ತಿ ಓಡುತ್ತಿದ್ದ ಕ್ಲಿಪ್ ಪೆಟ್ರೋಲ್ ಪೈಪಿನದ್ದು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಪೈಪೇ ಇಲ್ಲ! ಗ್ಯಾಸ್ ನಾಳೆ ಪುಕ್ಕಟೆ ಸಿಕ್ಕರೂ ಆ ಆರ್ಡರ್ ವಾಪಸ್ ಬರಲ್ಲ. ಅಮೆರಿಕ ಇದೆಯಲ್ಲ ಅನ್ನಬಹುದು. 2025ರಲ್ಲಿ ಅಲ್ಲಿ ಯುರೋಪಿನ ಬಹುತೇಕ ಸರಕಿಗೆ ಶೇ. 15 ಸುಂಕ ಹಾಕಿದರು.

ಲೆಕ್ಕದಪುಸ್ತಕ:
ಸೇತುವೆಗೆ ಸಾಲ ಮಾಡಬಹುದಿತ್ತಲ್ವಾ? ಅವರಿಗೆ ಕಮ್ಮಿ ಬಡ್ಡಿಗೆ ಸಿಗುತ್ತಿತ್ತು. ಮತ್ತೆ, ಆರ್ಡರ್ ಇಲ್ಲದಾಗ ಎಂಬತ್ತು ಜನರನ್ನು ಏನು ಮಾಡುತ್ತಾರೆ?

ಕ್ಲಿಪ್ಪಣ್ಣ:
ಸಾಲಕ್ಕೆ ಸಂವಿಧಾನದಲ್ಲೇ ಬ್ರೇಕ್ ಹಾಕಿಕೊಂಡಿದ್ದಾರೆ, 2009ರಲ್ಲಿ. ಮಾಮೂಲಿ ವರ್ಷದಲ್ಲಿ ಕೇಂದ್ರ ಸರ್ಕಾರದ ಹೊಸ ಸಾಲ ಜಿಡಿಪಿಯ ಶೇ. 0.35 ದಾಟುವಂತಿಲ್ಲ. 2023ರ ನವೆಂಬರ್‌ನಲ್ಲಿ ಸರ್ಕಾರ ಕೊರೋನಾಕ್ಕೆಂದು ಇಟ್ಟಿದ್ದ 6,000 ಕೋಟಿ ಯೂರೊ ಸಾಲದ ಅವಕಾಶವನ್ನು ಬೇರೆ ಕೆಲಸಕ್ಕೆ ತಿರುಗಿಸಲು ಹೋಗಿ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದಿಂದ ಬೈಸಿಕೊಂಡಿತು. 2025ರ ಮಾರ್ಚ್‌ನಲ್ಲಿ ಕೊನೆಗೂ ಸಂವಿಧಾನ ತಿದ್ದಿ, ರಸ್ತೆ, ರೈಲು ಇತ್ಯಾದಿಗೆ 12 ವರ್ಷಕ್ಕೆ 50,000 ಕೋಟಿ ಯೂರೊ ನಿಧಿ ಮಾಡಿದರು. ಹತ್ತು ವರ್ಷ ಮುಂಚೆ ಮಾಡಿದ್ದರೆ ಬಡ್ಡಿಯೂ ಉಳಿಯುತ್ತಿತ್ತು, ನನ್ನ ನಿದ್ದೆಯೂ.

ಕೆಲಸ ಕಮ್ಮಿಯಾದರೆ ಸುಮ್ನೆ ಕಳಿಸಿಬಿಡಲ್ಲ. ಕುರ್ತ್ಸ್‌ಆರ್ಬೈಟ್ ಅಂತ ಇದೆ, ಕೆಲಸದ ಗಂಟೆ ಕಡಿಮೆ ಮಾಡುವುದು. 2020ರಲ್ಲಿ ನಾನು ವಾರಕ್ಕೆ ಮೂರೇ ದಿನ ಹೋಗುತ್ತಿದ್ದೆ. ಮೂರು ದಿನದ್ದು ಕಂಪನಿ ಕೊಡುತ್ತಿತ್ತು. ಉಳಿದೆರಡು ದಿನ ಕೈತಪ್ಪಿದ ನಿವ್ವಳ ಸಂಬಳದಲ್ಲಿ ಶೇ. 60 ಬರಬೇಕು. ಮಗಳಿದ್ದಾಳೆ ಅಂತ ನನಗೆ ಶೇ. 67 ಬಂತು.

ಸಂಜೆಗಾಳಿ:
ಸರಿ, ಪೈಪಿನ ಮಾತು ಒಪ್ಪಿದೆ. ಆ 67 ಸರ್ಕಾರದ ದಾನವಾ?

ಕ್ಲಿಪ್ಪಣ್ಣ:
ದಾನ ಏನಿಲ್ಲ ಮಾರಾಯ. ನಿರುದ್ಯೋಗ ವಿಮೆಯ ದುಡ್ಡದು. ಈಗ ಸಂಬಳದ ಶೇ. 2.6 ಕಟ್ಟಬೇಕು, ಅರ್ಧ ಕಂಪನಿ, ಅರ್ಧ ನಾನು. ಪ್ರತಿ ತಿಂಗಳು ಸ್ಲಿಪ್ಪಿನಲ್ಲಿ ಕಡಿತದ ಸಾಲು ನೋಡಿ ಗೊಣಗುತ್ತಿದ್ದೆ. 2020ರ ಮೇಲೆ ಆ ಒಂದು ಸಾಲಿಗೆ ಮಾತ್ರ ಗೊಣಗಲ್ಲ.