ಸಹಾಯ ಬೇಕು: ಎರಡು ಬೈಟ್ ಜೋಡಿಸಿದರೆ 1000 ಬದಲು -24 ಬರುತ್ತಿದೆ
ಸಿ ಭಾಷೆಯಲ್ಲಿ 16 ಬಿಟ್ ಸಂಖ್ಯೆಯನ್ನು ಎರಡು ಬೈಟ್ ಮಾಡಿ ಕಳಿಸುತ್ತಿದ್ದೇನೆ. ಒಡೆಯುವುದರಲ್ಲಿ ತೊಂದರೆ ಇಲ್ಲ. 1000 ಅನ್ನು 8 ಬಿಟ್ ರೈಟ್ ಶಿಫ್ಟ್ ಮಾಡಿದರೆ (ಬಲಕ್ಕೆ ಸರಿಸಿದರೆ) ಮೇಲಿನ ಬೈಟ್ 3, 255 ಜೊತೆ ಆ್ಯಂಡ್ ಮಾಡಿದರೆ (ಕೊನೆಯ 8 ಬಿಟ್ ಮಾತ್ರ ಉಳಿಸಿದರೆ) ಕೆಳಗಿನ ಬೈಟ್ 232.

ಸ್ವೀಕರಿಸುವ ಕಡೆ ಇವೆರಡೂ ಚಾರ್ (ಒಂದು ಬೈಟಿನ ಟೈಪ್) ಅರೇಗೆ ಬರುತ್ತವೆ. 3 ಅನ್ನು 8 ಬಿಟ್ ಲೆಫ್ಟ್ ಶಿಫ್ಟ್ ಮಾಡಿ ಇನ್ನೊಂದರ ಜೊತೆ ಆರ್ ಮಾಡಿದರೆ 1000 ಬರಬೇಕು, ಅಲ್ವಾ? ಬರುತ್ತಿರುವುದು -24! ಆದರೆ 868 ಕಳಿಸಿದರೆ (ಕೆಳಗಿನ ಬೈಟ್ 100) ಸರಿಯಾಗಿ ಬರುತ್ತದೆ. ಕೆಳಗಿನ ಬೈಟ್ 127 ದಾಟಿದಾಗಲೇ ಕೆಡುತ್ತಿದೆ.

ಆರ್ ಮಾಡುವ ಮುಂಚೆ ಸುಮ್ನೆ ಮತ್ತೊಮ್ಮೆ 255 ಜೊತೆ ಆ್ಯಂಡ್ ಮಾಡಿ ನೋಡಿದೆ, ಸರಿಹೋಯಿತು. ಯಾಕೆ ಅಂತ ತಲೆಗೆ ಹೋಗುತ್ತಿಲ್ಲ. ಬೈಟಿನಲ್ಲಿ ಇರುವುದೇ 8 ಬಿಟ್, ಅದನ್ನು 255ರಲ್ಲಿ ಸೋಸಿದರೆ ಬದಲಾಗುವುದೇನು? ಮೊದಲೇ ಅನ್‌ಸೈನ್ಡ್ ಚಾರ್ (ಋಣ ಸಂಖ್ಯೆ ಇಲ್ಲದ ಚಾರ್) ಬಳಸಬೇಕಿತ್ತಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.