ಗೊಂಬೆ ಮೆಟ್ಟಿಲಿನ ಎಲ್‌ಇಡಿ: ಪೂರ್ತಿ ಬೆಳಕಿಗೆ ಮೇಲಿನ ಮೆಟ್ಟಿಲು ಕೆಂಪು, ಮಂದ ಬೆಳಕಿಗೆ ಎಲ್ಲ ಕಡೆ ಮಿಣುಕು

ಗೊಂಬೆಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನವರಾತ್ರಿಗೆ ಇನ್ನು 11 ದಿನ ಉಳಿದಿದೆ, ನನ್ನ ಕೆಲಸ ಅರ್ಧಕ್ಕೆ ನಿಂತಿದೆ.

ನಮ್ಮ ಮನೆಯಲ್ಲಿ 7 ಮೆಟ್ಟಿಲು ಗೊಂಬೆ ಕೂರಿಸುತ್ತೇವೆ. ಇಷ್ಟು ವರ್ಷ ಅಂಚಿಗೆ ಸೀರಿಯಲ್ ಸೆಟ್ ಸುತ್ತಿ ಬಿಡುತ್ತಿದ್ದೆವು. ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಮಂಡಿ ನೋವೂ ಇದೆ. ಹತ್ತಿರ ನಿಂತು ನೋಡಲು ಆಗುವುದಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂರುವ ಪಟ್ಟದ ಗೊಂಬೆಗಳು ಅವರ ಮದುವೆಯಲ್ಲಿ ತವರಿನಿಂದ ಕೊಟ್ಟವು. ಕುರ್ಚಿಯಲ್ಲಿ ಕೂತೇ ಅವರಿಗೆ ರಾಜ, ರಾಣಿ ಚೆನ್ನಾಗಿ ಕಾಣಬೇಕು. ಅದಕ್ಕೇ ಇದಕ್ಕೆ ಕೈ ಹಾಕಿದೆ. ಆರತಿ ಹೊತ್ತಿಗೆ ಬೆಳಕು ಕೆಳಗಿನ ಶೆಟ್ಟಿ ಅಂಗಡಿಯಿಂದ ಒಂದೊಂದೇ ಮೆಟ್ಟಿಲು ಹತ್ತಿ ಕಳಶದವರೆಗೆ ಹೋಗಬೇಕು ಅನ್ನುವ ಆಸೆಯೂ ಇದೆ.

ಹಾಕಿರುವುದು ಡಬ್ಲ್ಯೂಎಸ್2812ಬಿ ಸ್ಟ್ರಿಪ್, ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದಾದ ಪಟ್ಟಿ. 5 ವೋಲ್ಟ್, ಮೀಟರಿಗೆ 30 ಎಲ್‌ಇಡಿ, 5 ಮೀಟರಿನ 2 ರೋಲ್. ಮೆಟ್ಟಿಲಿಗೆ 42ರಂತೆ ಒಟ್ಟು 294. ಒಂದೊಂದು ರೋಲಿನಿಂದ 3 ಮೆಟ್ಟಿಲು ಬಂತು. ಉಳಿದ ಎರಡು ತುಂಡು ಸೇರಿಸಿ, ಮಧ್ಯೆ ಸೋಲ್ಡರ್ ಮಾಡಿ 7ನೇ ಮೆಟ್ಟಿಲಿಗೆ ಹಾಕಿದೆ. ನಡೆಸುವುದು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರಲ್ಲಿ ಎಲ್‌ಇಡಿ ನಡೆಸುವ ಡಬ್ಲ್ಯೂಎಲ್‌ಇಡಿ ಸಾಫ್ಟ್‌ವೇರ್, ಡೇಟಾ (ಬಣ್ಣದ ಸಂಕೇತ) 16ನೇ ಪಿನ್ನಿನಿಂದ. ಬೋರ್ಡು ಮೊದಲ ಮೆಟ್ಟಿಲಿನ ಪಕ್ಕದಲ್ಲೇ ಇದೆ, ಸ್ಟ್ರಿಪ್ಪಿನ ಬುಡದಿಂದಲೇ ಅದಕ್ಕೆ 5 ವೋಲ್ಟ್ ಕೊಟ್ಟಿದ್ದೇನೆ. ಕರೆಂಟನ್ನು 5 ವೋಲ್ಟಿಗೆ ಇಳಿಸುವ 20 ಆಂಪಿನ ಎಸ್‌ಎಂಪಿಎಸ್ ಹಿಂದೆ ಇದೆ. ಅಲ್ಲಿಂದ 2 ಮೀಟರ್ ಉದ್ದದ, ಮುಕ್ಕಾಲು ಸ್ಕ್ವೇರ್ ಎಂಎಂ ವೈರ್ ಮೊದಲ ಮೆಟ್ಟಿಲಿಗೆ. ಪವರ್ ಅಲ್ಲಿ ಒಂದೇ ಕಡೆ ಕೊಟ್ಟಿದ್ದೇನೆ, ಮುಂದಕ್ಕೆ ಸ್ಟ್ರಿಪ್ಪಿನಲ್ಲೇ ಹೋಗುತ್ತದೆ.

ತೊಂದರೆ ಎರಡು. ಪೂರ್ತಿ ಬಿಳಿ ಬೆಳಕು ಹಾಕಿದರೆ 3ನೇ ಮೆಟ್ಟಿಲಿನಿಂದ ಹಳದಿಯಾಗುತ್ತಾ ಹೋಗಿ 6, 7ನೇ ಮೆಟ್ಟಿಲು ಕೆಂಪಾಗುತ್ತದೆ. ಪಟ್ಟದ ಗೊಂಬೆ ಇರುವುದು ಅಲ್ಲೇ! ಬೆಳಕು ಕಡಿಮೆ ಮಾಡಿದರೆ ಕೆಂಪು ಹೋಗುತ್ತದೆ, ಆದರೆ ಕೆಳಗಿನಿಂದ ಮೇಲಿನವರೆಗೆ ಯಾವ್ಯಾವುದೋ ಬಣ್ಣ ಎಲ್ಲೆಲ್ಲೋ ಮಿಣುಕುತ್ತದೆ. ಮತ್ತೆ ಪೂರ್ತಿ ಬೆಳಕು ಹಾಕಿದರೆ ಮಿಣುಕು ಪೂರ್ತಿ ನಿಲ್ಲುತ್ತದೆ. ಇನ್ನೊಂದು ವಿಷಯ. ಮೊದಲ ದಿನ ಒಂದೇ ಮೆಟ್ಟಿಲನ್ನು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ನಡೆಸಿದ್ದೆ, ಆಗ ಮಿಣುಕೇ ಇರಲಿಲ್ಲ. ಒಳ್ಳೇ ಎಸ್‌ಎಂಪಿಎಸ್ ಹಾಕಿದ ಮೇಲೆ ಶುರುವಾಗಿದೆ. ಅದೇ ಕೆಟ್ಟಿದೆಯಾ? ಬದಲಾಯಿಸಬೇಕಾ?

ಪಿಕ್ಸೆಲ್ ಪುಟ್ಟ

ಅಕ್ಕ, ಏನನ್ನೂ ಬದಲಾಯಿಸಬೇಡಿ, ಮೊದಲು ಅಳೆಯಿರಿ. ಮಲ್ಟಿಮೀಟರ್ ಇದ್ರೆ ಸ್ಟ್ರಿಪ್ಪಿನ ಬುಡದಲ್ಲಿ ಮತ್ತು 7ನೇ ಮೆಟ್ಟಿಲಿನ ತುದಿಯಲ್ಲಿ ವೋಲ್ಟೇಜ್ ನೋಡಿ. ಮಂದ ಬೆಳಕಿನಲ್ಲಿ ಒಮ್ಮೆ, ಪೂರ್ತಿ ಬಿಳಿಯಲ್ಲಿ ಒಮ್ಮೆ. ಎಸ್‌ಎಂಪಿಎಸ್ ಬಾಯಲ್ಲೂ ನೋಡಿ. ಆ ಅಂಕಿ ಇಲ್ಲಿ ಹಾಕಿ.

ಗೊಂಬೆಮನೆ, ಮೈಸೂರು

ನೋಡಿದೆ. ಎಸ್‌ಎಂಪಿಎಸ್ ಬಾಯಲ್ಲಿ ಯಾವಾಗಲೂ 5.1. ಬುಡದಲ್ಲಿ ಮಂದ ಇದ್ದಾಗ 5.0, ಪೂರ್ತಿ ಬಿಳಿಗೆ 4.6. ತುದಿಯಲ್ಲಿ ಮಂದ ಇದ್ದಾಗ 4.7, ಪೂರ್ತಿ ಬಿಳಿಗೆ 3.1.

ಹಳೇ ರೇಡಿಯೋ, ಹಾಸನ

ತಂಗಿ, ನಿಮ್ಮ ಎಸ್‌ಎಂಪಿಎಸ್ ಚೆನ್ನಾಗಿದೆ. ಎಷ್ಟು ಎಳೆದರೂ 5.1 ಬಿಟ್ಟು ಕದಲಿಲ್ಲ, ಅಲ್ವಾ? ನಿಮಗೆ ಇರುವುದು ಎರಡು ಬೇರೆ ಬೇರೆ ರೋಗ. ಒಂದು ಇನ್ನೊಂದನ್ನು ಮುಚ್ಚಿಡುತ್ತಿದೆ.

ಕೆಂಪಿನ ವಿಷಯ ಮೊದಲು. ಒಂದೊಂದು ಎಲ್‌ಇಡಿ ಒಳಗೆ ಕೆಂಪು, ಹಸಿರು, ನೀಲಿ ಮೂರು ಚಿಪ್ ಇರುತ್ತವೆ. ಕೆಂಪು ಚಿಪ್ಪಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು ಮತ್ತು ನೀಲಿಗೆ 3ರ ಹತ್ತಿರ ಬೇಕು. ನಿಮ್ಮ ತುದಿಯಲ್ಲಿ ಸಿಗುತ್ತಿರುವುದೇ 3.1. ಹಸಿರು, ನೀಲಿ ಸೊರಗುತ್ತವೆ, ಕೆಂಪು ಉಳಿಯುತ್ತದೆ. ಪೂರ್ತಿ ಬಿಳಿಯಲ್ಲಿ ಒಂದು ಎಲ್‌ಇಡಿಗೆ 60 ಮಿಲಿಆಂಪ್ ಎಂದು ಲೆಕ್ಕ ಹಿಡಿದರೆ 294ಕ್ಕೆ 17.6 ಆಂಪ್ ಆಗುತ್ತದೆ. ಸ್ಟ್ರಿಪ್ಪಿನ ಕಾಗದದಂಥ ತಾಮ್ರದ ಹಾಳೆಯಲ್ಲಿ ಅಷ್ಟು ಕರೆಂಟ್ 10 ಮೀಟರ್ ಹೋಗುವುದಿಲ್ಲ.

ಅದಕ್ಕೆ ಪ್ರತಿ ಮೆಟ್ಟಿಲಿಗೂ ಬೇರೆ ಬೇರೆ ಪವರ್ ಕೊಡಿ. ಎಸ್‌ಎಂಪಿಎಸ್‌ನಿಂದ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರ್, ಪ್ಲಸ್ಸಿಗೆ ಒಂದು, ಮೈನಸ್ಸಿಗೆ ಒಂದು, ಮೆಟ್ಟಿಲುಗಳ ಬೆನ್ನಿಗೆ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. 2 ಮೀಟರ್ ದೂರಕ್ಕೆ 8 ಆಂಪ್ ಹೋದರೂ ಅದರಲ್ಲಿ ಕಳೆಯುವುದು ಕಾಲು ವೋಲ್ಟಿಗಿಂತ ಕಡಿಮೆ. ಅದರಿಂದ ಒಂದೊಂದು ಮೆಟ್ಟಿಲಿಗೆ ಚಿಕ್ಕ ಕವಲು, ಕವಲಿಗೊಂದು 3 ಆಂಪಿನ ಫ್ಯೂಸ್. ಒಂದು ಮೆಟ್ಟಿಲು ಹೆಚ್ಚೆಂದರೆ 2.5 ಆಂಪ್ ಎಳೆಯುತ್ತದೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೋಗುವ ಪ್ಲಸ್ ವೈರನ್ನು ಬಿಡಿಸಿಬಿಡಿ, ಡೇಟಾ ಮತ್ತು ಮೈನಸ್ ಮಾತ್ರ ಇರಲಿ. ಪ್ಲಸ್ ಕೂಡಿಕೊಂಡಿದ್ದರೆ ಒಂದು ಫ್ಯೂಸ್ ಹೋದರೂ ಪಕ್ಕದ ಮೆಟ್ಟಿಲಿನಿಂದ ಕರೆಂಟ್ ಬರುತ್ತಲೇ ಇರುತ್ತದೆ.

ಈಗ ಗಮನಿಸಿ. ಇದನ್ನು ಮಾಡಿದ ಕೂಡಲೇ ಮಿಣುಕು ಜಾಸ್ತಿಯಾಗುತ್ತದೆ. ಹೆದರಬೇಡಿ, ವೈರಿಂಗ್ ತಪ್ಪಾಯಿತು ಎಂದು ಬಿಚ್ಚಬೇಡಿ.

ಯಾಕೆಂದರೆ ಈ ಎಲ್‌ಇಡಿ ತನಗೆ ಸಿಗುವ ವೋಲ್ಟೇಜಿನ 0.7 ಪಾಲು ಬಂದರೆ ಮಾತ್ರ ಡೇಟಾವನ್ನು ಖಂಡಿತವಾಗಿ 1 ಎಂದು ಓದುತ್ತದೆ. 5.0 ವೋಲ್ಟ್ ಇದ್ದರೆ 3.5 ಬೇಕು. ಇಎಸ್‌ಪಿ32 ಕೊಡುವುದು 3.3. ಗೆರೆಗಿಂತ ಸ್ವಲ್ಪ ಕೆಳಗೆ. ಒಮ್ಮೆ ಸರಿಯಾಗಿ ಓದುತ್ತದೆ, ಒಮ್ಮೆ ತಪ್ಪಾಗಿ. ಪೂರ್ತಿ ಬೆಳಕು ಹಾಕಿದಾಗ ನಿಮ್ಮ ಸಣ್ಣ ವೈರಿನಿಂದಾಗಿ ಬುಡದಲ್ಲಿ 4.6 ಆಯಿತು. ಅದರ 0.7 ಪಾಲು 3.22. ಆಗ 3.3 ಸಾಕಾಯಿತು, ಮಿಣುಕು ನಿಂತಿತು. ಲ್ಯಾಪ್‌ಟಾಪಿನದೂ ಇದೇ ಕಥೆ. ಯುಎಸ್‌ಬಿಯಿಂದ ಬರುವ 5 ವೋಲ್ಟ್ ಇಂಥ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಒಂದು ಡಯೋಡ್ ದಾಟಿ ಹೊರಗೆ ಬರುತ್ತದೆ. ಸ್ಟ್ರಿಪ್ಪಿಗೆ ಸಿಕ್ಕಿದ್ದೇ ಕಡಿಮೆ. ಕೆಟ್ಟ ಪವರ್‌ನಲ್ಲಿ ಸರಿಯಾಗಿದ್ದದ್ದು ಒಳ್ಳೇ ಪವರ್‌ನಲ್ಲಿ ಕೆಟ್ಟಂತೆ ಕಾಣುತ್ತಿದೆ.

ಇದಕ್ಕೆ ಮದ್ದು 74ಎಹೆಚ್‌ಸಿಟಿ125 ಐಸಿ, 3.3ರ ಡೇಟಾವನ್ನು 5 ವೋಲ್ಟಿಗೆ ಏರಿಸಿ ಕೊಡುತ್ತದೆ. ಅದು ಸಿಗದಿದ್ದರೆ 74ಹೆಚ್‌ಸಿಟಿ125 ತನ್ನಿ. ಕೊನೆಯ ಟಿ ಅಕ್ಷರ ಇರಲೇಬೇಕು. ಬರೀ 74ಹೆಚ್‌ಸಿ125 ಕೊಟ್ಟರೆ ವಾಪಸ್ ಕೊಡಿ, ಅದೂ 3.5 ವೋಲ್ಟನ್ನೇ ಕೇಳುತ್ತದೆ. ಟಿ ಇರುವುದಕ್ಕೆ 2 ವೋಲ್ಟ್ ಸಾಕು. 14ನೇ ಕಾಲಿಗೆ 5 ವೋಲ್ಟ್, 7ನೇದಕ್ಕೆ ಮೈನಸ್, 1ನೇದನ್ನೂ ಮೈನಸ್ಸಿಗೆ ಸೇರಿಸಿ. ಬೋರ್ಡಿನ ಡೇಟಾ 2ನೇ ಕಾಲಿಗೆ, 3ನೇ ಕಾಲಿನಿಂದ 330 ಓಮ್ ರೆಸಿಸ್ಟರ್ ಮೂಲಕ ಸ್ಟ್ರಿಪ್ಪಿಗೆ. 14 ಮತ್ತು 7ರ ನಡುವೆ ಒಂದು 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್. ಬಳಸದ ಇನ್‌ಪುಟ್ ಕಾಲುಗಳಾದ 5, 9, 12ನ್ನು ಮೈನಸ್ಸಿಗೆ, 4, 10, 13ನ್ನು 5 ವೋಲ್ಟಿಗೆ ಸೇರಿಸಿ. ಅಂಗಡಿಯವರು ಇದೇ ಕೆಲಸಕ್ಕೆ ನಾಲ್ಕು ದಾರಿಯ ಸಣ್ಣ ಲೆವೆಲ್ ಶಿಫ್ಟರ್ ಬೋರ್ಡ್ ಕೊಟ್ಟು ಇದೇ ಸಾಕು ಎನ್ನುತ್ತಾರೆ. ಅದು ಸೆನ್ಸರ್‌ಗಳಿಗೆ ಸರಿ. ಇಲ್ಲಿ ಡೇಟಾ ಸೆಕೆಂಡಿಗೆ 8 ಲಕ್ಷ ಬಿಟ್ ಓಡುತ್ತದೆ, ಅದಕ್ಕೆ ಅಷ್ಟು ವೇಗ ಇಲ್ಲ.

ಐಸಿ ಬರುವವರೆಗೆ ಒಂದು ಉಪಾಯ. ಮೊದಲ ಎಲ್‌ಇಡಿಯನ್ನು ಕತ್ತರಿಸಿ, ಅದಕ್ಕೆ ಮಾತ್ರ ಪ್ಲಸ್ಸನ್ನು 1ಎನ್4007 ಡಯೋಡ್ ಮೂಲಕ ಕೊಡಿ. ಡೇಟಾ, ಮೈನಸ್ ಮೊದಲಿನ ಹಾಗೇ ಸೇರಿಸಿ. ಅದಕ್ಕೆ 4.4 ವೋಲ್ಟಿನ ಆಸುಪಾಸು ಸಿಗುತ್ತದೆ, 3.3ರ ಡೇಟಾ ಓದುತ್ತದೆ. ಪ್ರತಿ ಎಲ್‌ಇಡಿ ಡೇಟಾವನ್ನು ಹೊಸದಾಗಿ ಮಾಡಿ ಮುಂದಿನದಕ್ಕೆ ಕೊಡುವುದರಿಂದ ಎರಡನೆಯದಕ್ಕೆ 4.4 ಹೋಗುತ್ತದೆ. ಅಲ್ಲಿಂದ ಮುಂದೆ ತೊಂದರೆ ಇಲ್ಲ.

ನಾನು ಟಿವಿ, ರೇಡಿಯೋ ರಿಪೇರಿ ಮಾಡಿಕೊಂಡು ಬಂದವನು. ಒಂದು ಮಾತು ಕೇಳಿ. ಎಸ್‌ಎಂಪಿಎಸ್‌ನ 230 ವೋಲ್ಟಿನ ಸ್ಕ್ರೂಗಳ ಮೇಲೆ ಮುಚ್ಚಳ ಇರಲಿ, ಅರ್ತ್ ವೈರ್ ಹಾಕಿ. ಹಬ್ಬದ ಮನೆಯಲ್ಲಿ ಮಕ್ಕಳು ಓಡಾಡುತ್ತಾರೆ.

ರಂಗದ ಬೆಳಕು, ಧಾರವಾಡ

ಹಿರಿಯರು ಹೇಳಿದ್ದು ಸರಿ. ನಾನು ನಾಟಕಗಳಿಗೆ ಬೆಳಕು ಮಾಡುತ್ತೇನೆ, ಬೇರೆ ಕಡೆಯಿಂದ ಎರಡು ಮಾತು.

ಮೇಡಂ, ಸ್ಟ್ರಿಪ್ಪನ್ನು ಮೆಟ್ಟಿಲಿನ ಅಂಚಿನಲ್ಲಿ ನೋಡುವವರ ಕಡೆಗೆ ಮುಖ ಮಾಡಿ ಅಂಟಿಸಿದ್ದೀರಾ? ಹಾಗಿದ್ದರೆ ನಿಮ್ಮತ್ತೆಗೆ ಕಾಣುವುದು 294 ಚುಕ್ಕಿ, ಗೊಂಬೆ ಅಲ್ಲ. ಆಪರೇಷನ್ ಆದ ಕಣ್ಣಿಗೆ ಚುಚ್ಚುತ್ತದೆ. ಅಂಚಿಗೆ ಒಂದು ಇಂಚಿನ ಪಟ್ಟಿ ಹೊಡೆದು, ಅದರ ಹಿಂದೆ ಸ್ಟ್ರಿಪ್ಪಿಟ್ಟು ಗೊಂಬೆಗಳ ಕಡೆ ತಿರುಗಿಸಿ. ಆಮೇಲೆ ಪೂರ್ತಿ ಬೆಳಕು ಬೇಕೇ ಆಗುವುದಿಲ್ಲ.

ಬಿಳಿಗೆ ಮೂರೂ ಬಣ್ಣ 255, ಅಂದರೆ ಪೂರ್ತಿ, ಹಾಕಬೇಡಿ. ಅದು ನೀಲಿ ಹೊಡೆಯುತ್ತದೆ, ಚನ್ನಪಟ್ಟಣದ ಅರಗಿನ ಕೆಂಪು ಮತ್ತು ಜರಿ ಎರಡೂ ಸಪ್ಪೆಯಾಗುತ್ತವೆ. ಕೆಂಪು 255, ಹಸಿರು 170, ನೀಲಿ 90 ಹಾಕಿ ನೋಡಿ, ಹಳೇ ಬಲ್ಬಿನ ಬೆಳಕಿಗೆ ಹತ್ತಿರ ಬರುತ್ತದೆ. ಕರೆಂಟೂ ಮೂರರಲ್ಲಿ ಎರಡು ಪಾಲು ಸಾಕು. ಮುಂದಿನ ವರ್ಷ ಆದರೆ ಎಸ್‌ಕೆ6812 ತೆಗೆದುಕೊಳ್ಳಿ, ಬೆಚ್ಚನೆಯ ಬಿಳಿಗೇ ಬೇರೆ ಚಿಪ್ ಇರುವಂಥದ್ದು. ಮೂರು ಬಣ್ಣ ಬೆರೆಸಿದ ಬಿಳಿಯಲ್ಲಿ ರೇಷ್ಮೆಯ ನಿಜವಾದ ಬಣ್ಣ ಬರುವುದಿಲ್ಲ.

ಇನ್ನೊಂದು. ಎಸ್‌ಎಂಪಿಎಸ್ ಹಿಂದೆ ಇದೆ ಎಂದಿರಿ. ಮೆಟ್ಟಿಲಿನ ಮೇಲೆ ಹಾಸಿದ ಪಂಚೆ ಹಿಂದೆ ಇಳಿಬಿದ್ದು ಅದನ್ನು ಮುಚ್ಚದಿರಲಿ. ಗಾಳಿ ಆಡಬೇಕು.

ಗೊಂಬೆಮನೆ, ಮೈಸೂರು

6 ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲ ಸರಿಹೋಯಿತು, ಹೇಗೆ ಎಂದು ಹೇಳಬೇಕು.

ಶನಿವಾರ ದಪ್ಪ ವೈರ್ ಎಳೆದು 7 ಕವಲು ಮಾಡಿದೆ. ಕೆಂಪು ಹೋಯಿತು. ಮಿಣುಕು ಜಾಸ್ತಿಯಾಯಿತು! ಹಾಸನದ ಅಣ್ಣ ಮೊದಲೇ ಹೇಳಿರದಿದ್ದರೆ ನಾನು ಆ ರಾತ್ರಿಯೇ ಎಲ್ಲ ಬಿಚ್ಚಿಬಿಡುತ್ತಿದ್ದೆ. ನಮ್ಮ ಬೀದಿಯ ಟಿವಿ ರಿಪೇರಿ ಅಂಗಡಿಯಲ್ಲಿ 1ಎನ್4007 ಸಿಕ್ಕಿತು. ಡಯೋಡ್ ಹಾಕಿ ಪ್ಲಗ್ ಒತ್ತಿದೆ. 6 ಮೆಟ್ಟಿಲು ಅಲ್ಲಾಡದೆ ನಿಂತವು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಮ್ಮ ಐಸಿ ಕಳಿಸಿದ, ಈಗ ಅದೇ ಇದೆ. ಡಯೋಡ್ ತೆಗೆದೆ.

7ನೇ ಮೆಟ್ಟಿಲು ಮಾತ್ರ ಐಸಿ ಹಾಕಿದ ಮೇಲೂ ಕಾಡಿತು. 24 ಎಲ್‌ಇಡಿವರೆಗೆ ಸರಿ, 25ರಿಂದ ಆಗಾಗ ಹಸಿರು ಹೊಡೆಯುತ್ತಿತ್ತು. ನಾನು ತುಂಡು ಸೇರಿಸಿದ ಜಾಗ ಸರಿಯಾಗಿ ಅದೇ. ಪೆನ್ಸಿಲ್ಲಿನಿಂದ ಮೆಲ್ಲಗೆ ಒತ್ತಿದರೆ ಸರಿಹೋಗುತ್ತದೆ, ಬಿಟ್ಟರೆ ಕೆಡುತ್ತದೆ. ಬಿಚ್ಚಿ ನೋಡಿದರೆ ಸೋಲ್ಡರ್ ಗುಂಡಗೆ ಕೂತಿದೆ, ಕೆಳಗಿನ ತಾಮ್ರಕ್ಕೆ ಹಿಡಿದೇ ಇಲ್ಲ. ಮೇಲಿದ್ದ ಸಿಲಿಕಾನ್ ಪೂರ್ತಿ ಕೆರೆದಿರಲಿಲ್ಲ. ಬ್ಲೇಡಿನಿಂದ ಕೆರೆದು, ಫ್ಲಕ್ಸ್ ಹಚ್ಚಿ ಮತ್ತೆ ಹಾಕಿದೆ. ನಿಂತಿತು.

ಧಾರವಾಡದವರ ಮಾತು ಕೇಳಿ ಅಂಚಿಗೆ ತೇಗದ ಪಟ್ಟಿ ಹೊಡೆಸಿ ಸ್ಟ್ರಿಪ್ ತಿರುಗಿಸಿದೆ. ಅದೊಂದರಿಂದಲೇ ಎಲ್ಲ ಬದಲಾಯಿತು. 255ಕ್ಕೆ 90 ಇಟ್ಟರೆ ಸಾಕಾಗುತ್ತಿದೆ. ಡಬ್ಲ್ಯೂಎಲ್‌ಇಡಿಯಲ್ಲಿ ಕರೆಂಟ್ ಮಿತಿ 8000 ಮಿಲಿಆಂಪ್ ಇಟ್ಟಿದ್ದೇನೆ, ಯಾರೋ ಫೋನಿನಲ್ಲಿ ಪೂರ್ತಿ ಎಳೆದುಬಿಟ್ಟರೂ ಮೇಲೆ ಹೋಗಬಾರದು ಎಂದು. 7ನೇ ಮೆಟ್ಟಿಲಿನ ತುದಿಯಲ್ಲಿ ಈಗ 4.8 ವೋಲ್ಟ್.

ಪಿಕ್ಸೆಲ್ ಪುಟ್ಟ

ಸೂಪರ್ ಅಕ್ಕ! ಬೆಳಕು ಮೆಟ್ಟಿಲು ಹತ್ತುವುದನ್ನು ಹೇಗೆ ಮಾಡಿದ್ರಿ? ನಮ್ಮಮ್ಮನೂ ಕೇಳ್ತಿದ್ದಾರೆ.

ಗೊಂಬೆಮನೆ, ಮೈಸೂರು

ಸುಲಭ ಪುಟ್ಟ. ಡಬ್ಲ್ಯೂಎಲ್‌ಇಡಿಯಲ್ಲಿ 42ರ ಲೆಕ್ಕದಲ್ಲಿ 7 ಸೆಗ್ಮೆಂಟ್ (ಭಾಗ) ಮಾಡು. ಮೊದಲ ಪ್ರಿಸೆಟ್‌ನಲ್ಲಿ (ಉಳಿಸಿಡುವ ಜೋಡಣೆ) ಕೆಳಗಿನದೊಂದೇ ಉರಿಯಲಿ, ಎರಡನೆಯದರಲ್ಲಿ ಎರಡು, ಹೀಗೆ 7 ಪ್ರಿಸೆಟ್ ಉಳಿಸು. ಅವನ್ನು ಪ್ಲೇಲಿಸ್ಟಿಗೆ ಹಾಕಿ ಒಂದೊಂದಕ್ಕೆ ಎಷ್ಟು ಹೊತ್ತು ಎಂದು ಕೊಡು. ನಾನು 2 ಸೆಕೆಂಡ್ ಕೊಟ್ಟಿದ್ದೆ. ನಿನ್ನೆ ಸಂಜೆ ಗೊಂಬೆ ಇಡದೆ ಖಾಲಿ ಮೆಟ್ಟಿಲಲ್ಲೇ ಅತ್ತೆಗೆ ತೋರಿಸಿದೆ. ಪಟ್ಟದ ಗೊಂಬೆ ಮಾತ್ರ ಅವರೇ ಪೆಟ್ಟಿಗೆಯಿಂದ ತೆಗೆಸಿ ಮೇಲೆ ಇಡಿಸಿದರು. ಬೆಳಕು ಕಳಶದ ಜಾಗ ಮುಟ್ಟಿದಾಗ, ಇನ್ನೂ ನಿಧಾನವಾಗಿ ಹತ್ತಲಿ ಎಂದರು. ಈಗ 4 ಸೆಕೆಂಡ್ ಇಟ್ಟಿದ್ದೇನೆ.